ವಯಸ್ಸು ಜಾಸ್ತಿ ಹೇಳಿ ಬ್ಯಾಂಡ್ ಸೇರಿದ ಹುಡುಗ: ಸ್ಕ್ರೀಮ್‌ನಲ್ಲಿ ಡೇವ್ ಗ್ರೋಲ್‌ನ ಮೊದಲ ವರ್ಷಗಳು

ಡೇವ್ ಗ್ರೋಲ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ನಿರ್ವಾಣ, ಆಮೇಲೆ ಫೂ ಫೈಟರ್ಸ್ ಅನ್ನುವ ಅಮೆರಿಕದ ರಾಕ್ ಬ್ಯಾಂಡುಗಳು. ಈ ಬರಹ ಆ ಎರಡರ ಬಗ್ಗೆ ಅಲ್ಲ. ಅವಕ್ಕೂ ಮೊದಲು ಅವನು ಸ್ಕ್ರೀಮ್ ಅನ್ನುವ ಪಂಕ್ (ವೇಗದ, ಒರಟು ರಾಕ್) ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಆಡಿಷನ್‌ಗೆ ಹೋದಾಗ ಅವನಿಗೆ 17 ವರ್ಷ. ಅಷ್ಟು ಚಿಕ್ಕ ಹುಡುಗ ಅಂತ ಗೊತ್ತಾದರೆ ಬೇಡ ಅಂದುಬಿಡುತ್ತಾರೆ ಎಂದು ವಯಸ್ಸು ಜಾಸ್ತಿ ಹೇಳಿದ. ಕೆಲಸ ಸಿಕ್ಕಿತು, ಹೈಸ್ಕೂಲು ಅರ್ಧಕ್ಕೇ ನಿಂತಿತು. ನಮ್ಮ ಲೆಕ್ಕದಲ್ಲಿ ಪಿಯುಸಿ ಓದುವ ಹುಡುಗ ಪರೀಕ್ಷೆ ಬಿಟ್ಟು ವ್ಯಾನ್ ಹತ್ತಿದ ಹಾಗೆ.

ಈ ಕತೆಯನ್ನು 'ಶಾಲೆ ಬಿಟ್ಟ, ಸ್ಟಾರ್ ಆದ' ಎಂದು ಎರಡು ಮಾತಿನಲ್ಲಿ ಮುಗಿಸುವವರೇ ಜಾಸ್ತಿ. ನನಗೆ ಅದು ಒಪ್ಪಿಗೆಯಿಲ್ಲ. ಅವನು ಶಾಲೆ ಬಿಟ್ಟಾಗ ಸೇರಿದ್ದು ಸ್ಟಾರ್ ಬ್ಯಾಂಡಲ್ಲ, ಮುಂದೆಯೂ ಅದು ಸ್ಟಾರ್ ಬ್ಯಾಂಡ್ ಆಗಲಿಲ್ಲ. ಸುಮಾರು ನಾಲ್ಕು ವರ್ಷ ದುಡಿದ ಮೇಲೆ ಅದು ಲಾಸ್ ಏಂಜಲೀಸಿನಲ್ಲಿ ಕೈಯಲ್ಲಿ ಕಾಸಿಲ್ಲದೆ ನಿಂತುಹೋಯಿತು. ಹಾಗಾಗಿ ಆ ನಿರ್ಧಾರವನ್ನು ತೂಗಬೇಕಾದರೆ ಆಮೇಲೆ ಬಂದ ಹೆಸರನ್ನು ಪಕ್ಕಕ್ಕಿಟ್ಟು ತೂಗಬೇಕು. ಹಾಗೆ ತೂಗಿದಾಗ ನನಗೆ ಕಾಣುವುದು ಹುಡುಗನ ಧೈರ್ಯಕ್ಕಿಂತ ಹೆಚ್ಚಾಗಿ ಅವನ ಸುತ್ತ ಇದ್ದ ಊರು, ವಾಷಿಂಗ್ಟನ್. 14, 15 ವರ್ಷದ ಮಕ್ಕಳನ್ನೂ ಒಳಗೆ ಬಿಟ್ಟುಕೊಂಡು, ವೇದಿಕೆ ಕೊಟ್ಟು, ರೆಕಾರ್ಡ್ ಮಾಡಲು ದಾರಿ ತೋರಿಸಿದ ಊರು ಅದು. 17ರಲ್ಲಿ ಅವನು ತಯಾರಾಗಿದ್ದ ಅಂದ್ರೆ ಅದಕ್ಕೆ ಕಾರಣ ಅಲ್ಲಿದೆ.

ದಿಂಬಿನ ಮೇಲೆ ಕಲಿತ ಕೈ

ಗ್ರೋಲ್ ಹುಟ್ಟಿದ್ದು 1969ರ ಜನವರಿ 14ರಂದು, ಓಹಾಯೋ ರಾಜ್ಯದ ವಾರನ್‌ನಲ್ಲಿ. ಬೆಳೆದದ್ದು ವರ್ಜೀನಿಯಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಅದು ವಾಷಿಂಗ್ಟನ್ ನಗರದ ಪಕ್ಕದ ಉಪನಗರ. ತಂದೆ ಪತ್ರಕರ್ತರು. ಅವನು ಚಿಕ್ಕವನಿರುವಾಗಲೇ ತಂದೆ ತಾಯಿ ಬೇರೆಯಾದರು. ತಾಯಿಯ ಹೆಸರೂ ವರ್ಜೀನಿಯಾ, ಸರ್ಕಾರಿ ಶಾಲೆಯಲ್ಲಿ ಟೀಚರ್. ಮಗ, ಮಗಳನ್ನು ಸಾಕಲು ಶಿಕ್ಷಕಿಯ ಸಂಬಳ ಸಾಲದೆ ಬೇರೆ ಸಣ್ಣಪುಟ್ಟ ಕೆಲಸಗಳನ್ನೂ ಮಾಡಿದವರು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

13ನೇ ವಯಸ್ಸಿನ ಬೇಸಿಗೆಯಲ್ಲಿ ಅವನು ಷಿಕಾಗೋ ಪಕ್ಕದ ಎವನ್‌ಸ್ಟನ್‌ಗೆ ಹೋದ. ಅಲ್ಲಿ ತಾಯಿಯ ಹಳೆಯ ಗೆಳತಿಯ ಮನೆ. ಆ ಮನೆಯ ಮಗಳು ಇವನಿಗಿಂತ ಸ್ವಲ್ಪ ದೊಡ್ಡವಳು, ಪಂಕ್ ಹುಡುಗಿ. ಅವಳ ಹತ್ತಿರ ರೆಕಾರ್ಡುಗಳ ರಾಶಿ ಇತ್ತು. ಅವಳೇ ಇವನನ್ನು ಕಬ್ಬಿ ಬೇರ್ ಅನ್ನುವ ಬಾರಿನಲ್ಲಿ ನೇಕೆಡ್ ರೇಗನ್ ಬ್ಯಾಂಡಿನ ಶೋಗೆ ಕರೆದುಕೊಂಡು ಹೋದದ್ದು. ಅಲ್ಲಿಯತನಕ ಇವನ ಪಾಲಿಗೆ ರಾಕ್ ಅಂದ್ರೆ ಗೋಡೆಗೆ ಅಂಟಿಸುವ ಪೋಸ್ಟರು, ದೂರದ ದೊಡ್ಡ ಮನುಷ್ಯರು. ಇಲ್ಲಿ ನೋಡಿದರೆ ಬಾರಿಸುವವರು ಎದುರಿಗೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ. ವೇದಿಕೆ ಮೇಲಿನವರಿಗೂ ಕೆಳಗಿನವರಿಗೂ ವ್ಯತ್ಯಾಸವೇ ಇಲ್ಲ. ನಾನೂ ಮಾಡಬಹುದು ಅನ್ನುವ ಯೋಚನೆ ಒಂದು ಮಗುವಿನ ತಲೆಗೆ ಬರಬೇಕಾದರೆ ಇಂಥ ಹತ್ತಿರ ಬೇಕೇ ಬೇಕು ಅಂತ ನನ್ನ ನಂಬಿಕೆ.

ಊರಿಗೆ ವಾಪಸ್ ಬಂದ ಮೇಲೆ ಅವನಿಗೆ ತಿಳಿದದ್ದು, ತನ್ನ ಪಕ್ಕದ ನಗರದಲ್ಲೇ ಇಡೀ ದೇಶಕ್ಕೆ ಹೆಸರಾದ ಹಾರ್ಡ್‌ಕೋರ್ ಪಂಕ್, ಅಂದ್ರೆ ಇನ್ನೂ ವೇಗದ, ಇನ್ನೂ ಒರಟಾದ ಪಂಕ್, ಇದೆ ಎಂದು.

ಡ್ರಮ್ಸ್ ಕಲಿಕೆಯ ವಿಷಯಕ್ಕೆ ಬರೋಣ, ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಅವನ ಹತ್ತಿರ ಡ್ರಮ್ ಸೆಟ್ ಇರಲಿಲ್ಲ. ಮಲಗುವ ಕೋಣೆಯಲ್ಲಿ ಕೂತು, ಕಾಲುಗಳ ನಡುವೆ ದಿಂಬು ಇಟ್ಟುಕೊಂಡು, ಹಾಸಿಗೆಯನ್ನೇ ಉಳಿದ ಡ್ರಮ್ಮುಗಳೆಂದು ಬಗೆದು, ರೆಕಾರ್ಡ್ ಹಾಕಿ ಜೊತೆಗೆ ಬಾರಿಸುತ್ತಿದ್ದ. ಸ್ಟಿಕ್ ಕೂಡ ಮಾಮೂಲಿ ಸ್ಟಿಕ್ ಅಲ್ಲ, ಮೆರವಣಿಗೆಯ ಬ್ಯಾಂಡಿನವರು ಬಳಸುವ ದಪ್ಪ ಸ್ಟಿಕ್. ಡ್ರಮ್ ಬಾರಿಸಿದವರಿಗೆ ಇದರ ಪರಿಣಾಮ ಏನೆಂದು ತಕ್ಷಣ ಗೊತ್ತಾಗುತ್ತದೆ. ಡ್ರಮ್ಮಿನ ಹಾಳೆಗೆ ಹೊಡೆದರೆ ಸ್ಟಿಕ್ ತಾನೇ ಪುಟಿದು ಮೇಲೆ ಬರುತ್ತದೆ, ಮುಂದಿನ ಪೆಟ್ಟಿಗೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ದಿಂಬು ಪುಟಿಸುವುದಿಲ್ಲ. ಪ್ರತಿ ಪೆಟ್ಟಿಗೂ ಸ್ಟಿಕ್ಕನ್ನು ನೀವೇ ಎತ್ತಬೇಕು. ಸದ್ದೂ ಬರುವುದಿಲ್ಲ, ಹಾಗಾಗಿ ಇನ್ನೂ ಜೋರಾಗಿ ಹೊಡೆಯಬೇಕು ಅನಿಸುತ್ತದೆ. ಹೀಗೆ ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈಗೆ ನಿಜವಾದ ಸೆಟ್ ಸಿಕ್ಕಾಗ ಏನಾಗಬಹುದು ಊಹಿಸಿ. ಗ್ರೋಲ್ ಜೋರಾಗಿ ಬಾರಿಸುತ್ತಾನೆ ಎಂದು ಮುಂದೆ ಎಲ್ಲರೂ ಹೇಳಿದರಲ್ಲ, ಅದರ ಬೇರು ಈ ದಿಂಬಿನಲ್ಲಿದೆ.

ಗುರು ಅಂತ ಯಾರೂ ಇರಲಿಲ್ಲ. ವಾಷಿಂಗ್ಟನ್ನಿನ ಒನ್ ಸ್ಟೆಪ್ ಡೌನ್ ಅನ್ನುವ ಜಾಝ್ ಕ್ಲಬ್ಬಿಗೆ ತಾಯಿಯ ಜೊತೆ ಹೋಗುತ್ತಿದ್ದಾಗ ಅಲ್ಲಿ ಬಾರಿಸುತ್ತಿದ್ದ ಒಬ್ಬ ಡ್ರಮ್ಮರ್ ಹತ್ತಿರ ಪಾಠ ಕೇಳಿದ. ಅವರು ಮೊದಲು ಹೇಳಿದ್ದು, ನೀನು ಸ್ಟಿಕ್ಕನ್ನೇ ತಿರುಗಾಮುರುಗಾ ಹಿಡಿದಿದ್ದೀಯ ಎಂದು. ದಪ್ಪ ತುದಿಯಿಂದ ಹೊಡೆಯುತ್ತಿದ್ದ! ಆ ಒಂದು ಪಾಠಕ್ಕೇ ಶಿಕ್ಷಣ ಮುಗಿಯಿತು. ಉಳಿದದ್ದೆಲ್ಲ ಕಿವಿಯಿಂದ ಬಂದದ್ದು. ಬೀಟಲ್ಸ್, ರಷ್, ಲೆಡ್ ಝೆಪೆಲಿನ್‌ನ ಡ್ರಮ್ಮರ್ ಜಾನ್ ಬೋನ್‌ಹಮ್, ಬ್ಯಾಡ್ ಬ್ರೇನ್ಸ್. ಜೊತೆಗೆ ವಾಷಿಂಗ್ಟನ್ನಿನದೇ ಕುಣಿತದ ಸಂಗೀತವಾದ ಗೋ-ಗೋ ಊರ ತುಂಬ ಕೇಳುತ್ತಿತ್ತು. ಬರೀ ಪಂಕ್ ಕೇಳಿ ಬೆಳೆದ ಡ್ರಮ್ಮರ್ ಅಲ್ಲ ಇವನು.

ಊರು ಏನು ಕೊಟ್ಟಿತು

1980ರಲ್ಲಿ ವಾಷಿಂಗ್ಟನ್ನಿನ ಟೀನ್ ಐಡಲ್ಸ್ ಅನ್ನುವ ಹೈಸ್ಕೂಲ್ ಹುಡುಗರ ಬ್ಯಾಂಡು ಒಡೆಯುವ ಹೊತ್ತಿಗೆ ಶೋಗಳಿಂದ ಕೂಡಿಟ್ಟ ದುಡ್ಡು ಸ್ವಲ್ಪ ಇತ್ತು. ಹಂಚಿಕೊಳ್ಳುವ ಬದಲು ಅದರಲ್ಲಿ ತಮ್ಮ ಹಾಡುಗಳ ರೆಕಾರ್ಡ್ ತಂದರು. ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿ ಶುರುವಾದದ್ದು ಹಾಗೆ. ಆ ಬ್ಯಾಂಡಿನ ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ ಅದನ್ನು ನಡೆಸಿದರು, ಇವರಿಬ್ಬರೇ ಆಮೇಲೆ ಮೈನರ್ ಥ್ರೆಟ್ ಬ್ಯಾಂಡಿನಲ್ಲೂ ಇದ್ದವರು. ಮಕ್ಕಳನ್ನು ಒಳಗೆ ಬಿಡುವ ಪ್ರಶ್ನೆಗೂ ಈ ಹುಡುಗರೇ ಉತ್ತರ ಹುಡುಕಿದರು. ಕುಡಿಯುವ ವಯಸ್ಸಾಗದವರ ಕೈ ಮೇಲೆ ದೊಡ್ಡದಾಗಿ ಎಕ್ಸ್ ಗುರುತು ಹಾಕುವುದು, ಆ ಗುರುತಿದ್ದವರಿಗೆ ಬಾರಿನಲ್ಲಿ ಕುಡಿಯಲು ಕೊಡದಿರುವುದು. ಸ್ಯಾನ್ ಫ್ರಾನ್ಸಿಸ್ಕೋದ ಮಾಬುಹೇ ಗಾರ್ಡನ್ಸ್ ಅನ್ನುವ ಕ್ಲಬ್ಬಿನಲ್ಲಿ ತಮಗೆ ಹಾಕಿದ್ದ ಗುರುತನ್ನು ನೋಡಿ, ಊರಿಗೆ ಬಂದು '9:30' ಅನ್ನುವ ಕ್ಲಬ್ಬಿನವರನ್ನು ಒಪ್ಪಿಸಿದರು. ಒಂದು ಮಾರ್ಕರ್ ಪೆನ್ನಿನ ಖರ್ಚು, ಅಷ್ಟೇ. ಅದರಿಂದ ಒಂದು ಪೀಳಿಗೆಯ ಮಕ್ಕಳಿಗೆ ಬಾಗಿಲು ತೆರೆಯಿತು.

ಈ ವ್ಯವಸ್ಥೆ ಇಲ್ಲದಿದ್ದರೆ ಗ್ರೋಲ್‌ನಂಥ ಹುಡುಗ 18 ಅಥವಾ 21 ತುಂಬುವತನಕ ಮನೆಯಲ್ಲಿ ರೆಕಾರ್ಡ್ ಕೇಳಿಕೊಂಡು ಇರಬೇಕಾಗಿತ್ತು. ಅವನು 1983ರ ಜುಲೈಯಲ್ಲಿ, 14ನೇ ವಯಸ್ಸಿನಲ್ಲೇ, ಲಿಂಕನ್ ಸ್ಮಾರಕದ ಬಳಿ ಅಧ್ಯಕ್ಷ ರೇಗನ್ ವಿರುದ್ಧ ನಡೆದ ರಾಕ್ ಅಗೇನ್‌ಸ್ಟ್ ರೇಗನ್ ಕಾರ್ಯಕ್ರಮದಲ್ಲಿ ಡೆಡ್ ಕೆನಡೀಸ್ ಅನ್ನುವ ಬ್ಯಾಂಡ್ ಬಾರಿಸುವುದನ್ನು ನೋಡಿದ. ಶಾಲೆಯಲ್ಲೂ ಸುಮ್ನೆ ಇರಲಿಲ್ಲ. ಥಾಮಸ್ ಜೆಫರ್ಸನ್ ಹೈಸ್ಕೂಲಿನಲ್ಲಿ ಮೊದಲ ವರ್ಷದ ತರಗತಿಗೆ ಉಪಾಧ್ಯಕ್ಷನಾಗಿ ಆರಿಸಿಬಂದಿದ್ದ, ಬೆಳಗಿನ ಪ್ರಕಟಣೆ ಓದುವ ಮೊದಲು ಶಾಲೆಯ ಸ್ಪೀಕರಿನಲ್ಲಿ ಸರ್ಕಲ್ ಜರ್ಕ್ಸ್, ಬ್ಯಾಡ್ ಬ್ರೇನ್ಸ್ ಹಾಡಿನ ತುಣುಕು ಹಾಕುತ್ತಿದ್ದ. ಆಮೇಲೆ ಮಾರ್ಕ್ಸ್ ಇಳಿಯುತ್ತಾ ಬಂತು. ತಾಯಿ ಶಾಲೆ ಬದಲಿಸಿ ಒಂದು ಕ್ಯಾಥೊಲಿಕ್ ಹೈಸ್ಕೂಲಿಗೆ ಹಾಕಿದರು. ಅಲ್ಲಿಂದ ಇನ್ನೊಂದು ಶಾಲೆ. ಓದು ಹತ್ತಲಿಲ್ಲ.

ಬ್ಯಾಂಡ್ ಮಾತ್ರ ಹತ್ತಿತು. ಮೊದಲು ಸೇರಿದ್ದು ಫ್ರೀಕ್ ಬೇಬಿ ಅನ್ನುವ ಹುಡುಗರ ಗುಂಪಿಗೆ, ಅದೂ ಗಿಟಾರ್ ಬಾರಿಸಲು. ಬೇಸ್ ಗಿಟಾರ್ ಬಾರಿಸುವವನು ಹೋದಾಗ ಡ್ರಮ್ಮರ್ ಬೇಸಿಗೆ ಬಂದ, ಗ್ರೋಲ್ ಡ್ರಮ್ಮಿಗೆ ಹೋದ. ಹೆಸರು ಮಿಷನ್ ಇಂಪಾಸಿಬಲ್ ಆಯಿತು. 1985ರ ಬೇಸಿಗೆಯಲ್ಲಿ ವಾಷಿಂಗ್ಟನ್ ಪಂಕ್ ಹೊಸ ತಿರುವು ತೆಗೆದುಕೊಳ್ಳುತ್ತಿತ್ತು, ರೆವಲ್ಯೂಷನ್ ಸಮ್ಮರ್ ಅಂತ ಅದಕ್ಕೆ ಹೆಸರೇ ಬಿತ್ತು. ಆ ಹೊತ್ತಿನಲ್ಲಿ ಈ 16ರ ಹುಡುಗ ಊರಿನ ದೊಡ್ಡ ಬ್ಯಾಂಡುಗಳ ಮುಂದೆ ಬಾರಿಸುತ್ತಿದ್ದ. ಲಂಚ್‌ಮೀಟ್ ಅನ್ನುವ ಇನ್ನೊಂದು ಹುಡುಗರ ಬ್ಯಾಂಡಿನ ಜೊತೆ ಸೇರಿ ಒಂದು 7 ಇಂಚಿನ ರೆಕಾರ್ಡ್ ಕೂಡ ಬಂತು. ಅದೇ ವರ್ಷ ಬ್ಯಾಂಡಿನ ಇಬ್ಬರು ಕಾಲೇಜಿಗೆ ಹೋದರು, ಅಲ್ಲಿಗೆ ಮಿಷನ್ ಇಂಪಾಸಿಬಲ್ ಮುಗಿಯಿತು. ಗ್ರೋಲ್ ಮತ್ತೆ ಡೇನ್ ಬ್ರಾಮೇಜ್ ಅನ್ನುವ ಮೂರು ಜನರ ಬ್ಯಾಂಡ್ ಕಟ್ಟಿಕೊಂಡ. ಇದರಲ್ಲಿ ಬರೀ ವೇಗ ಅಲ್ಲ, ತಾಳವನ್ನು ಮುರಿದು ಕಟ್ಟುವ ಆಟವೂ ಇತ್ತು, ಬೋನ್‌ಹಮ್ ಪ್ರಭಾವ ಎದ್ದು ಕಾಣುತ್ತಿತ್ತು.

ಅಂದ್ರೆ 17 ತುಂಬುವ ಹೊತ್ತಿಗೆ ಅವನಿಗೆ ಮೂರು ಹೆಸರಿನ ಬ್ಯಾಂಡುಗಳು, ಎರಡು ವಾದ್ಯ, ರೆಕಾರ್ಡಿಂಗ್, ಶೋ, ಬ್ಯಾಂಡ್ ಒಡೆಯುವ ಸಂಕಟ ಎಲ್ಲ ಗೊತ್ತಿತ್ತು. ಇದನ್ನು ಶಿಕ್ಷಣ ಅನ್ನದೆ ಬೇರೇನು ಅನ್ನಬೇಕು?

ಆಡಿಷನ್

ಸ್ಕ್ರೀಮ್ ಸಣ್ಣ ಬ್ಯಾಂಡ್ ಅಲ್ಲ, ಕನಿಷ್ಠ ಆ ಊರಿನ ಮಟ್ಟಿಗೆ. ವರ್ಜೀನಿಯಾದ ಬೇಲೀಸ್ ಕ್ರಾಸ್‌ರೋಡ್ಸ್‌ನಲ್ಲಿ 1981ರಲ್ಲಿ ಕಟ್ಟಿದ್ದು. ಹಾಡುವುದು ಪೀಟ್ ಸ್ಟಾಲ್, ಗಿಟಾರ್ ಅವನ ತಮ್ಮ ಫ್ರಾಂಝ್, ಬೇಸ್ ಸ್ಕೀಟರ್ ಥಾಂಪ್ಸನ್, ಡ್ರಮ್ಸ್ ಕೆಂಟ್ ಸ್ಟ್ಯಾಕ್ಸ್. ಒಂದೇ ಬ್ಯಾಂಡಿನ ಪೂರ್ಣ ಆಲ್ಬಮ್ ಅಂತ ಡಿಸ್ಕಾರ್ಡ್ ಮೊದಲು ಹೊರತಂದದ್ದು ಇವರದೇ, 1983ರಲ್ಲಿ. ವೇಗದ ಹಾರ್ಡ್‌ಕೋರ್ ಜೊತೆಗೆ ಜಮೈಕಾದ ರೆಗ್ಗೆ ಸಂಗೀತ, ಹಳೆಯ ಹಾರ್ಡ್ ರಾಕ್ ಎಲ್ಲ ಬೆರೆಸುತ್ತಿದ್ದರು. ಗ್ರೋಲ್‌ಗೆ ಸ್ಟ್ಯಾಕ್ಸ್ ಅಂದ್ರೆ ಪ್ರಾಣ, ಅವರ ಡ್ರಮ್ ಭಾಗಗಳನ್ನೆಲ್ಲ ರೆಕಾರ್ಡ್ ಕೇಳಿಯೇ ಬಾಯಿಪಾಠ ಮಾಡಿಕೊಂಡಿದ್ದ.

1986ರಲ್ಲಿ ಸ್ಟ್ಯಾಕ್ಸ್ ಬ್ಯಾಂಡ್ ಬಿಟ್ಟರು. ಡ್ರಮ್ಮರ್ ಬೇಕಾಗಿದ್ದಾರೆ, ಫ್ರಾಂಝ್‌ಗೆ ಫೋನ್ ಮಾಡಿ ಅಂತ ಒಂದು ಚೀಟಿಯನ್ನು ಗ್ರೋಲ್ ವಾದ್ಯಗಳ ಅಂಗಡಿಯಲ್ಲಿ ನೋಡಿದ. ಅವನು ಫೋನ್ ಮಾಡಿದ್ದು ಸೇರಿಬಿಡುತ್ತೇನೆ ಅನ್ನುವ ಆಸೆಯಿಂದ ಅಲ್ಲ. ಒಂದು ಸಲ ಸ್ಕ್ರೀಮ್ ಜೊತೆ ಬಾರಿಸಿದೆ ಅಂತ ಗೆಳೆಯರ ಹತ್ತಿರ ಹೇಳಿಕೊಳ್ಳಬಹುದಲ್ಲ, ಅಷ್ಟೇ ಆಸೆ. ವಯಸ್ಸು ಕೇಳಿದಾಗ ಜಾಸ್ತಿ ಹೇಳಿದ್ದೂ ಅದಕ್ಕೇ.

ಆಡಿಷನ್‌ನಲ್ಲಿ ಫ್ರಾಂಝ್ ಸುಲಭದ ದಾರಿ ತೋರಿಸಿದ, ಎಲ್ಲರಿಗೂ ಗೊತ್ತಿರುವ ಹಳೆಯ ರಾಕ್ ಹಾಡು ಯಾವುದಾದರೂ ಬಾರಿಸೋಣವಾ ಎಂದ. ಹುಡುಗ ಒಪ್ಪಲಿಲ್ಲ, ನಿಮ್ಮ ಹಾಡುಗಳನ್ನೇ ಬಾರಿಸೋಣ ಎಂದ. ಒಂದಾದ ಮೇಲೆ ಒಂದು, ಅವರ ಹಾಡುಗಳನ್ನೆಲ್ಲ ಬಾರಿಸುತ್ತಾ ಹೋದ. ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇಲ್ಲಿದೆ. ವಯಸ್ಸಿನ ಸುಳ್ಳು ಕೊಟ್ಟದ್ದು ಬಾಗಿಲ ತನಕ ಬರುವ ಅವಕಾಶ ಮಾತ್ರ. ಒಳಗೆ ಕೂತಮೇಲೆ ಸುಳ್ಳಿಗೆ ಏನೂ ಬೆಲೆ ಇಲ್ಲ, ಯಾಕಂದ್ರೆ ಡ್ರಮ್ಸ್ ಮುಂದೆ ಸುಳ್ಳು ಹೇಳಲು ಆಗುವುದಿಲ್ಲ. ಹಾಡಿನ ಮಧ್ಯೆ ತಾಳ ಬದಲಾಗುವ ಜಾಗ ಗೊತ್ತಿದೆಯೋ ಇಲ್ಲವೋ, ಎರಡೇ. ಅವನಿಗೆ ಗೊತ್ತಿತ್ತು.

ಡ್ರಮ್ಮರ್ ಅನ್ನುವುದೂ ಇಲ್ಲಿ ಮುಖ್ಯ. ಯಾವ ಊರಿನಲ್ಲೇ ಆಗಲಿ ಗಿಟಾರ್ ಹಿಡಿದವರು ಬೇಕಾದಷ್ಟು ಸಿಗುತ್ತಾರೆ, ಒಳ್ಳೆಯ ಡ್ರಮ್ಮರ್ ಸಿಗುವುದು ಕಷ್ಟ. ಸೆಟ್ ದುಬಾರಿ, ಜಾಗ ಬೇಕು, ಅಕ್ಕಪಕ್ಕದವರ ಬೈಗುಳ ತಡೆದುಕೊಳ್ಳಬೇಕು. ಗಿಟಾರಿಸ್ಟ್ ಜಾಗಕ್ಕೆ 17ರ ಹುಡುಗ ಬಂದಿದ್ದರೆ ಇಷ್ಟು ಸುಲಭವಾಗಿ ಕೇಳಿಸಿಕೊಳ್ಳುತ್ತಿದ್ದರು ಅಂತ ನನಗೆ ಅನಿಸುವುದಿಲ್ಲ.

ಅವರು ಸೇರು ಅಂದರು. ಆಗ ಅವನು ಮಾಡಿದ್ದು ಬಹಳ ಜನ ಮರೆಯುವ ವಿಷಯ: ಇಲ್ಲ ಅಂದ. ಡೇನ್ ಬ್ರಾಮೇಜ್‌ನ ಗೆಳೆಯರನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಕೆಲವು ತಿಂಗಳಾದ ಮೇಲೆ ಸ್ಕ್ರೀಮ್ ಶೋ ನೋಡಿದಾಗ ಮನಸ್ಸು ತಿರುಗಿತು. ಆ ಬದಲಾವಣೆಗೆ ಬೆಲೆ ಕೊಟ್ಟವರು ಅವನ ಗೆಳೆಯರು. ಡೇನ್ ಬ್ರಾಮೇಜ್‌ನ ಒಂದೇ ಆಲ್ಬಮ್ 1987ರಲ್ಲಿ ಹೊರಬಂದಾಗ ಅದನ್ನು ಊರೂರಿಗೆ ಒಯ್ದು ಬಾರಿಸಲು ಬ್ಯಾಂಡೇ ಉಳಿದಿರಲಿಲ್ಲ. ಗ್ರೋಲ್‌ನ ಕತೆ ಹೇಳುವಾಗ ಈ ಇಬ್ಬರು ಗೆಳೆಯರನ್ನು ಬಿಟ್ಟು ಹೇಳಬಾರದು.

ತಾಯಿಯ ಒಪ್ಪಿಗೆ

ಶಾಲೆ ಬಿಡುತ್ತೇನೆ ಅಂತ ಒಬ್ಬ ಟೀಚರ್ ಮುಂದೆ ಹೇಳುವುದು ಹೇಗೆ? ವರ್ಜೀನಿಯಾ ಅವರು ಬೈಯಲಿಲ್ಲ, ತಡೆಯಲೂ ಇಲ್ಲ. ಹೋಗು, ಆದರೆ ಚೆನ್ನಾಗಿ ಬಾರಿಸಬೇಕು ಅನ್ನುವ ಅರ್ಥದ ಮಾತು ಹೇಳಿದರು ಅಂತ ಗ್ರೋಲ್ ಎಷ್ಟೋ ಸಲ ನೆನೆಸಿಕೊಂಡಿದ್ದಾನೆ. ತರಗತಿಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ನೋಡಿದ ಅವರಿಗೆ, ಕೆಲವು ಮಕ್ಕಳು ಬೇರೆ ರೀತಿ ಕಲಿಯುತ್ತಾರೆ ಅನ್ನುವುದು ತಿಳಿದಿತ್ತು. ಜೊತೆಗೆ ಮಗ ಏನು ಮಾಡುತ್ತಿದ್ದಾನೆ ಅನ್ನುವುದು ಕಣ್ಣೆದುರೇ ಇತ್ತು, ಮನೆಯ ಕೋಣೆಯಲ್ಲಿ ದಿಂಬಿನ ಸದ್ದು ವರ್ಷಗಟ್ಟಲೆ ಕೇಳಿದ್ದರು.

ಇದನ್ನು ಓದಿ ಎಲ್ಲ ತಂದೆ ತಾಯಿಯೂ ಹೀಗೇ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ದುಡ್ಡಿನ ಆಸರೆ ಇಲ್ಲದ ಮನೆ ಅದು, ತಪ್ಪಿದ್ದರೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವರು ತೂಗಿದ್ದು ತಮ್ಮ ಮಗನನ್ನು, ಅವನು ಆಗಲೇ ಮಾಡಿ ತೋರಿಸಿದ ಕೆಲಸವನ್ನು. ಕನಸನ್ನು ಮಾತ್ರ ನೋಡಿ ಒಪ್ಪಿದ್ದಲ್ಲ.

ವ್ಯಾನಿನ ವರ್ಷಗಳು

ಊರಲ್ಲಿದ್ದಾಗ ಪೀಠೋಪಕರಣಗಳ ಗೋದಾಮಿನಲ್ಲಿ ಕೆಲಸ, ಟೂರ್ ಬಂದಾಗ ವ್ಯಾನ್. ದಿನಕ್ಕೆ ಒಬ್ಬರಿಗೆ ಏಳೂವರೆ ಡಾಲರ್, ಊಟ ಸಿಗರೇಟು ಎಲ್ಲ ಅದರಲ್ಲೇ. ಮಲಗುವುದು ಸಾಮಾನುಗಳ ಜೊತೆ, ಇಲ್ಲದಿದ್ದರೆ ಶೋಗೆ ಬಂದವರು ಯಾರಾದರೂ ಕರೆದರೆ ಅವರ ಮನೆಯ ನೆಲದ ಮೇಲೆ. ಗ್ರೋಲ್ ಎಲ್ಲರಿಗಿಂತ ಚಿಕ್ಕವನು. ಆ ಬ್ಯಾಂಡಿನವರು ಅವನಿಗೆ ಅಣ್ಣಂದಿರಂತೆ ಆದರು ಅಂತ ಅವನೇ ಹೇಳುತ್ತಾನೆ.

ಡ್ರಮ್ಮರ್ ಆಗಿ ಅವನು ಬೆಳೆದದ್ದು ಇಲ್ಲೇ. ರಾತ್ರಿ ರಾತ್ರಿ ಬೇರೆ ಊರು, ಬೇರೆ ಸದ್ದಿನ ಕೋಣೆ. ಮೈಕ್ ಇರಲಿ ಇಲ್ಲದಿರಲಿ, ಕೊನೆಯ ಸಾಲಿನವನಿಗೂ ಸ್ನೇರ್ ಡ್ರಮ್ ಕೇಳಿಸಬೇಕು. ಸ್ಟ್ಯಾಕ್ಸ್ ಬಾರಿಸಿದ್ದನ್ನು ಹಾಗೇ ಬಾರಿಸುವುದರಿಂದ ಶುರು ಮಾಡಿ, ನಿಧಾನಕ್ಕೆ ತನ್ನ ಭಾರವಾದ ಕೈಯನ್ನು ಒಳಗೆ ತಂದ. ಅವನು ಬಾರಿಸಿದ ಸ್ಕ್ರೀಮ್‌ನ ಮೊದಲ ಸ್ಟುಡಿಯೋ ಆಲ್ಬಮ್ 1988ರಲ್ಲಿ ಬಂತು, ಡಿಸ್ಕಾರ್ಡ್‌ನಿಂದ ಅಲ್ಲ, ಆರ್‌ಎಎಸ್ ಅನ್ನುವ ವಾಷಿಂಗ್ಟನ್ನಿನ ರೆಗ್ಗೆ ಕಂಪನಿಯಿಂದ. ಅದೇ ವರ್ಷ ಯೂರೋಪಿಗೂ ಹೋದರು, ಆಮ್‌ಸ್ಟರ್‌ಡ್ಯಾಮಿನ ವಾನ್ ಹಾಲ್‌ನಲ್ಲಿ ಬಾರಿಸಿದ್ದು ಲೈವ್ ರೆಕಾರ್ಡ್ ಆಗಿ ಉಳಿದಿದೆ. ಅದನ್ನು ಹಾಕಿ ಕೇಳಿ. 19ರ ಹುಡುಗ ಅಂತ ಹೇಳಲು ಆಗುವುದಿಲ್ಲ.

ಇನ್ನೊಂದು ಕಡೆ ಗೆಳೆಯ ಬ್ಯಾರೆಟ್ ಜೋನ್ಸ್‌ನ ಮನೆ ಸ್ಟುಡಿಯೋದಲ್ಲಿ ಎಲ್ಲ ವಾದ್ಯಗಳನ್ನೂ ತಾನೇ ಬಾರಿಸಿ ಹಾಡು ರೆಕಾರ್ಡ್ ಮಾಡುವುದನ್ನು ಕಲಿತ. ಸ್ಕ್ರೀಮ್‌ನ ಮುಂದಿನ ಆಲ್ಬಮ್ಮಿನಲ್ಲಿ ಒಂದು ಹಾಡು ಇವನದೇ, ಹಾಡಿದ್ದೂ ಇವನೇ. ಆದರೆ ಆ ಆಲ್ಬಮ್ ಹೊರಬಂದದ್ದು 1993ರಲ್ಲಿ, ಬ್ಯಾಂಡ್ ನಿಂತು ಎಷ್ಟೋ ಕಾಲವಾದ ಮೇಲೆ.

1990ರಲ್ಲಿ ಅಮೆರಿಕದ ಟೂರ್ ನಡುವೆ ಲಾಸ್ ಏಂಜಲೀಸಿನಲ್ಲಿ ಬೇಸಿಸ್ಟ್ ಬ್ಯಾಂಡ್ ಬಿಟ್ಟು ಹೊರಟುಹೋದ. ಮುಂದಿನ ಶೋಗಳು ಬಿದ್ದುಹೋದವು, ಊರಿಗೆ ಮರಳಲು ದುಡ್ಡಿಲ್ಲ. ಉಳಿದವರು ಸ್ಟಾಲ್ ಸೋದರರ ಅಕ್ಕತಂಗಿಯರಲ್ಲಿ ಒಬ್ಬರ ಮನೆಯಲ್ಲಿ ತಂಗಿದರು. ಲೆಕ್ಕ ಹಾಕಿ: ವಯಸ್ಸು 21, ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲ, ಕೈಯಲ್ಲಿ ಕಾಸಿಲ್ಲ, ಬ್ಯಾಂಡ್ ಇಲ್ಲ. ಪ್ರಕರಣವನ್ನು ಇಲ್ಲಿ ನಿಲ್ಲಿಸಿದರೆ ಎಲ್ಲರೂ ಅವನನ್ನು ಕೆಟ್ಟ ಉದಾಹರಣೆ ಅಂತಲೇ ಹೇಳುತ್ತಿದ್ದರು. ನಾನು ಹಾಗೆ ಹೇಳುವುದಿಲ್ಲ. ಈ ಹೊತ್ತಿಗೆ ಅವನು ಒಬ್ಬ ಪೂರ್ತಿ ಡ್ರಮ್ಮರ್ ಆಗಿದ್ದ, ಮುಂದೆ ಏನೇ ಆಗಿದ್ದರೂ ಅದು ಅವನ ಕೈಯಲ್ಲೇ ಇರುತ್ತಿತ್ತು.

ಮೆಲ್ವಿನ್ಸ್ ಬ್ಯಾಂಡಿನ ಬಝ್ ಆಸ್ಬರ್ನ್‌ಗೆ ಅವನು ಫೋನ್ ಮಾಡಿದ. ಅದೃಷ್ಟಕ್ಕೆ ಅದೇ ಟೂರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್, ಕ್ರಿಸ್ಟ್ ನೊವೊಸೆಲಿಕ್ ಇಬ್ಬರೂ ಸ್ಕ್ರೀಮ್ ಶೋ ನೋಡಿದ್ದರು, ಡ್ರಮ್ಮರ್ ಅವರ ಕಣ್ಣಿಗೆ ಬಿದ್ದಿದ್ದ. ಬಝ್ ಎರಡು ಕಡೆಯವರನ್ನೂ ಸೇರಿಸಿದರು. ಸ್ಟಾಲ್ ಸೋದರರನ್ನು ಬಿಟ್ಟು ಹೋಗುವುದೋ ಬೇಡವೋ ಅಂತ ತೀರ್ಮಾನಿಸಲಾಗದೆ ಗ್ರೋಲ್ ಮತ್ತೆ ಕೇಳಿದ್ದು ತಾಯಿಯನ್ನೇ. ಕೆಲವೊಮ್ಮೆ ನಿನ್ನ ಹಿತವನ್ನು ನೀನು ಮೊದಲು ನೋಡಿಕೊಳ್ಳಬೇಕಾಗುತ್ತದೆ ಎಂದು ಅವರು ಹೇಳಿದರು. 1990ರ ಸೆಪ್ಟೆಂಬರಿನಲ್ಲಿ ಅವನು ನಿರ್ವಾಣ ಸೇರಿದ. ಸ್ಕ್ರೀಮ್ ಅಲ್ಲಿಗೆ ನಿಂತಿತು.

ಹೀಗೆ ಎರಡನೆಯ ಸಲ ಬಿಟ್ಟುಹೋದದ್ದು ಮೊದಲನೆಯದಕ್ಕಿಂತ ಕಷ್ಟದ್ದು ಅಂತ ನನಗೆ ಅನಿಸುತ್ತದೆ. ಶಾಲೆ ಬಿಟ್ಟಾಗ ಅವನು ಬಿಟ್ಟದ್ದು ತನಗೆ ಹಿಡಿಸದ ಜಾಗವನ್ನು. ಇಲ್ಲಿ ಬಿಟ್ಟದ್ದು ತನ್ನನ್ನು ಬೆಳೆಸಿದ ಅಣ್ಣಂದಿರನ್ನು, ಅದೂ ಅವರು ಕಾಸಿಲ್ಲದೆ ಕೂತಿದ್ದಾಗ. ಸಂಬಂಧ ಮಾತ್ರ ಕಡಿಯಲಿಲ್ಲ, ಹಾಗಂತ ಸುಲಭವಾಗಿಯೂ ಇರಲಿಲ್ಲ. 1997ರಲ್ಲಿ ಫೂ ಫೈಟರ್ಸ್‌ಗೆ ಗಿಟಾರಿಸ್ಟ್ ಬೇಕಾದಾಗ ಗ್ರೋಲ್ ಕರೆದದ್ದು ಫ್ರಾಂಝ್ ಸ್ಟಾಲ್‌ನನ್ನೇ, ಹುಡುಗನಾಗಿದ್ದಾಗ ತನ್ನ ಆಡಿಷನ್ ಮಾಡಿದವನನ್ನು. 1999ರಲ್ಲಿ ಅವನನ್ನು ಕೈಬಿಟ್ಟವನೂ ಗ್ರೋಲ್‌ನೇ.